ಬಲಗಡೆಯ ಸೀಟು

ಮನೆಯಲ್ಲಿ ವಿಮಾನದ ಸಿಮ್ಯುಲೇಟರ್ ಕಟ್ಟಲು ಹೊರಟವರು ಸಲಹೆ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಎರಡು ಸೀಟು ಹಾಕಿಸಿ. ಪರದೆ ಚಿಕ್ಕದಾದರೂ ಪರವಾಗಿಲ್ಲ, ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ, ಬಲಗಡೆಯ ಸೀಟಿಗೆ ಮಾತ್ರ ಜಾಗ ಬಿಟ್ಟುಕೊಳ್ಳಿ. ಒಬ್ಬರೇ ಕುಳಿತು ಹಾರಿಸಿದರೆ ಅದು ಆಟ. ಒಳ್ಳೆಯ ಆಟವೇ, ನಾನೂ ವರ್ಷಗಟ್ಟಲೆ ಆಡಿದ್ದೇನೆ. ಆದರೆ ಪಕ್ಕದಲ್ಲಿ ಇನ್ನೊಬ್ಬರು ಚೆಕ್‌ಲಿಸ್ಟ್ ಹಿಡಿದು ಕುಳಿತು, 'ಫ್ಯೂಯೆಲ್ ಸೆಲೆಕ್ಟರ್?' ಎಂದು ಕೇಳಿ, ನೀವು ಕೈಯಿಂದ ಮುಟ್ಟಿ ನೋಡಿ 'ಬೋತ್', ಅಂದರೆ ಎರಡೂ ಟ್ಯಾಂಕಿನಿಂದ ಇಂಧನ, ಎನ್ನುವ ತನಕ ಮುಂದಿನ ಸಾಲಿಗೆ ಹೋಗದೆ ಕಾಯುತ್ತಾರಲ್ಲ, ಅಲ್ಲಿಂದ ಅದು ಇಬ್ಬರ ಕೆಲಸವಾಗುತ್ತದೆ. ನಾಲ್ಕು ಗೋಡೆಗಳ ನಡುವೆ, ಬಿದ್ದರೂ ಯಾರಿಗೂ ಪೆಟ್ಟಾಗದ ಕಡೆ, ಒಬ್ಬರ ಮಾತಿಗೆ ಇನ್ನೊಬ್ಬರು ಕಿವಿ ಕೊಡುವ ಅಭ್ಯಾಸ ಅಲ್ಲಿ ಶುರುವಾಗುತ್ತದೆ. ಈ ಹವ್ಯಾಸದಲ್ಲಿ ನನಗೆ ಸಿಕ್ಕ ಸಂತೋಷದ ಬಹುಪಾಲು ಬಂದಿರುವುದು ಅಲ್ಲಿಂದ.

ನಮ್ಮದು ಸೆಸ್ನಾ 172. ಬೆಂಗಳೂರಿನಲ್ಲಿ ನಮ್ಮ ಮನೆಯ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಪಕ್ಕದ ಕೋಣೆಯಲ್ಲಿ ಅದರ ಕಾಕ್‌ಪಿಟ್ ನಿಂತಿದೆ. ಬೋಯಿಂಗ್ 737 ಕಟ್ಟುವ ಹವ್ಯಾಸಿಗಳು ಜಗತ್ತಿನ ತುಂಬ ಇದ್ದಾರೆ. ಸೇವೆ ಮುಗಿಸಿದ ವಿಮಾನಗಳಿಂದ ಕಳಚಿದ ನಿಜವಾದ ಭಾಗಗಳನ್ನು ಹುಡುಕಿ ತಂದು ಜೋಡಿಸುವವರೂ ಇದ್ದಾರೆ. ಅವರ ಶ್ರದ್ಧೆಯನ್ನು ಕಂಡರೆ ನನಗೆ ಗೌರವ. ನಾವು ಮಾತ್ರ ಸಣ್ಣ ವಿಮಾನವನ್ನೇ ಆರಿಸಿಕೊಂಡೆವು. 1955ರಲ್ಲಿ ಮೊದಲು ಹಾರಿದ 172 ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿದೆ. ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ನಾಲ್ಕು ಸೀಟು, ಒಂದು ಎಂಜಿನ್, ಮೇಲುಗಡೆ ರೆಕ್ಕೆ. ಕಪ್ಪು ಗುಂಡಿ ಒತ್ತಿದರೆ ಶಕ್ತಿ, ಕೆಂಪು ಗುಂಡಿ ಎಳೆದರೆ ಇಂಧನ ಕಡಿಮೆ. ಯಾವ ಗುಂಡಿ ಏಕೆ ಅಲ್ಲಿದೆ ಎಂಬುದೆಲ್ಲ ಒಬ್ಬ ಮನುಷ್ಯನ ತಲೆಯಲ್ಲಿ ಹಿಡಿಸುವಷ್ಟೇ ಇದೆ. ಕಟ್ಟುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ.

ಕಟ್ಟಿದವರು ನಾವು ನಾಲ್ವರು. ಪೀಣ್ಯದಲ್ಲಿ ಲೇತ್ ನಡೆಸಿ ನಿವೃತ್ತರಾದ ಹಿರಿಯರು ಒಬ್ಬರು. ಎಲ್ಲರ ಬಾಯಲ್ಲೂ ಅವರು ಯಜಮಾನರು. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರು ಇನ್ನೊಬ್ಬರು. ಎಲೆಕ್ಟ್ರಾನಿಕ್ಸ್ ಓದಿ ಈಗಷ್ಟೇ ಕೆಲಸಕ್ಕೆ ಸೇರಿರುವ ಹುಡುಗಿ ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯಳು. ಬೆಸುಗೆ ಹಾಕುವಾಗ ಎಲ್ಲರಿಗಿಂತ ನಡುಗದ ಕೈ ಅವಳದೇ. ನಾನು ಲೆಕ್ಕಪತ್ರದ ಕೆಲಸದವನು. ಖರ್ಚಿನ ಪುಸ್ತಕ, ಚೆಕ್‌ಲಿಸ್ಟುಗಳು, ನಕ್ಷೆಗಳು ನನ್ನ ಪಾಲಿಗೆ ಬಂದವು. ಒಬ್ಬರ ವಿದ್ಯೆ ಇನ್ನೊಬ್ಬರಿಗೆ ಬಾರದು. ಹಾಗಾಗಿಯೇ ಈ ಯಂತ್ರ ಎದ್ದು ನಿಂತಿತು.

ಒಳಗೆ ಏನಿದೆ ಎಂದು ಬಂದವರೆಲ್ಲ ಕೇಳುತ್ತಾರೆ. ಚೌಕಟ್ಟು ಪ್ಲೈವುಡ್. ಎದುರಿನ ಫಲಕ ಅಂಗಡಿಗಳ ಬೋರ್ಡಿಗೆ ಬಳಸುವ ಎ.ಸಿ.ಪಿ. ಶೀಟು. ಅದರಲ್ಲಿ ದುಂಡಗೆ ಆರು ರಂಧ್ರ ಕೊರೆದು ಹಿಂದೆ ಒಂದು ಮಾನಿಟರ್ ನಿಲ್ಲಿಸಿದ್ದೇವೆ. ವೇಗ, ಎತ್ತರ, ದಿಕ್ಕು, ಏರಿಳಿತದ ದರ, ತಿರುವು, ಕ್ಷಿತಿಜ ಎಲ್ಲವೂ ಆ ಒಂದೇ ಮಾನಿಟರ್ ಮೇಲೆ ಮೂಡಿ ರಂಧ್ರಗಳ ಮೂಲಕ ಬೇರೆಬೇರೆ ಮಾಪಕಗಳಾಗಿ ಕಾಣುತ್ತವೆ. ಸೀಟುಗಳು ಗುಜರಿಯಿಂದ ತಂದ ಮಾರುತಿ ಕಾರಿನವು. ವಿಮಾನದ ಯೋಕ್, ಅಂದರೆ ಹಿಡಿದು ಎಳೆಯುವ ಆ ಕೈಚಕ್ರ, ಒಂದು ಸ್ಟೀಲ್ ಪೈಪಿನ ತುದಿಯಲ್ಲಿದೆ. ಪೈಪು ಹಿಂದಕ್ಕೂ ಮುಂದಕ್ಕೂ ಜಾರುವುದು ಮೇಜಿನ ಡ್ರಾಯರಿಗೆ ಬಡಗಿಗಳು ಹಾಕುವ ಚಾನಲ್ ಮೇಲೆ. ಎಳೆದಾಗ ಕೈಗೆ ಭಾರ ಸಿಗಬೇಕಲ್ಲ, ಅದಕ್ಕೆ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ ಬಿಗಿದಿದ್ದೇವೆ. ಗುಂಡಿ, ಸ್ವಿಚ್ಚು, ತಂತಿ, ಇವುಗಳ ಸಂಕೇತವನ್ನು ಕಂಪ್ಯೂಟರಿಗೆ ಮುಟ್ಟಿಸುವ ಆರ್ಡುಯಿನೊ ಬೋರ್ಡು ಎಲ್ಲ ಎಸ್.ಪಿ. ರಸ್ತೆಯ ಸರಕು.

ಪೆಡಲುಗಳ ಕತೆ ಬೇರೆ. ಶುರುವಿನಲ್ಲಿ ಅವುಗಳ ಸ್ಥಾನ ಅಳೆಯಲು ಪೊಟೆನ್ಶಿಯೊಮೀಟರ್ ಹಾಕಿದ್ದೆವು. ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇರುತ್ತದಲ್ಲ, ಅದೇ ಭಾಗ. ಒಳಗಿನ ಪಟ್ಟಿಯ ಮೇಲೆ ಲೋಹದ ಮುಳ್ಳೊಂದು ಉಜ್ಜುತ್ತಾ ಓಡಾಡುತ್ತದೆ. ಧೂಳು ಕುಳಿತರೆ ಮುಳ್ಳು ತಡವರಿಸುತ್ತದೆ. ಕಂಪ್ಯೂಟರಿಗೆ ಅಂಕಿ 510, 514, 498 ಎಂದು ಕುಣಿಯುತ್ತಾ ಹೋಗುತ್ತದೆ. ವಿಮಾನದ ಮೂಗು ನೆಟ್ಟಗೆ ನಿಲ್ಲದೆ ಅತ್ತಿತ್ತ ಅಲುಗುತ್ತದೆ. ಹುಡುಗಿ ಅದನ್ನೆಲ್ಲ ಕಿತ್ತು ಹಾಲ್ ಸೆನ್ಸರ್ ಕೂರಿಸಿದಳು. ಪೆಡಲಿನ ಕೀಲಿಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಆಯಸ್ಕಾಂತ, ಅದರ ಎದುರು ಕೂದಲೆಳೆಯ ಅಂತರದಲ್ಲಿ ಸೆನ್ಸರ್. ಒಂದಕ್ಕೊಂದು ತಾಗುವುದೇ ಇಲ್ಲ. ಆಯಸ್ಕಾಂತ ತಿರುಗಿದಷ್ಟೂ ವೋಲ್ಟೇಜ್ ಬದಲಾಗುತ್ತದೆ. ತಾಗದಿದ್ದ ಮೇಲೆ ಸವೆಯುವುದೂ ಇಲ್ಲ. ಅವಳು ಅದನ್ನು ಜೋಡಿಸಿ ಪರದೆಯ ಮೇಲಿನ ಗೀಟು ನೆಟ್ಟಗಾದದ್ದನ್ನು ತೋರಿಸಿದಾಗ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳನ್ನು ಇಲ್ಲಿಗೇ ಕರೆತಂದು ಕಾಂತಕ್ಷೇತ್ರದ ಪಾಠ ಮಾಡುತ್ತೇನೆಂದರು. ಮಾಡಿಯೂ ಮಾಡಿದರು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಟ್ರಿಮ್ ಚಕ್ರ. ವಿಮಾನದ ಮೂಗನ್ನು ಒಂದೇ ಮಟ್ಟದಲ್ಲಿ ನಿಲ್ಲಿಸಲು ಯೋಕನ್ನು ಎಳೆದು ಹಿಡಿದುಕೊಂಡೇ ಇದ್ದರೆ ಹತ್ತು ನಿಮಿಷದಲ್ಲಿ ರಟ್ಟೆ ಸೋಲುತ್ತದೆ. ಆ ಭಾರವನ್ನು ಕೈಯಿಂದ ಇಳಿಸಲು ಸೆಸ್ನಾದಲ್ಲಿ ಎರಡು ಸೀಟುಗಳ ನಡುವೆ, ಕೆಳಗಡೆ, ಬೆರಳಿನಿಂದ ಉರುಳಿಸುವ ಚಕ್ರವೊಂದಿದೆ. ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಯೋಕ್‌ಗಳಲ್ಲಿ ಟ್ರಿಮ್ ಉರುಳಿಸಿದರೆ ಪರದೆಯ ಮೇಲೆ ವಿಮಾನ ಬದಲಾಗುತ್ತದೆ, ಕೈಗೆ ಮಾತ್ರ ಏನೂ ತಿಳಿಯುವುದಿಲ್ಲ. ಮೇಷ್ಟ್ರಿಗೆ ಇದು ಸರಿಬರಲಿಲ್ಲ. ರಬ್ಬರಿನ ಬುಡವನ್ನೇ ಹಿಂದೆ ಮುಂದೆ ಸರಿಸಿದರೆ ಹೇಗೆ ಎಂದು ಅವರು ಕೇಳಿದರು. ಜೆ.ಸಿ. ರಸ್ತೆಯಿಂದ ಕಾರಿನ ವೈಪರ್ ಮೋಟಾರು ಬಂತು. ಈಗ ಚಕ್ರ ಉರುಳಿಸಿದರೆ ಮೋಟಾರು ರಬ್ಬರನ್ನು ಸರಿಸುತ್ತದೆ. ಯೋಕ್ ಎಲ್ಲಿದೆಯೋ ಅಲ್ಲೇ ಹಗುರವಾಗಿ ನಿಲ್ಲುತ್ತದೆ.

ಚಕ್ರವನ್ನು ಅಲ್ಯೂಮಿನಿಯಮ್ಮಿನಲ್ಲಿ ಕಡೆದವರು ಯಜಮಾನರು. ಅಂಚಿಗೆ ಬೆರಳು ಜಾರದಂತೆ ನರ್ಲಿಂಗ್ ಕೂಡ ಮಾಡಿ ತಂದರು. ಅವರ ವರ್ಕ್‌ಶಾಪಿಗೆ ದಶಕಗಳ ಕಾಲ ವಿಮಾನದ ಬಿಡಿಭಾಗಗಳ ಆರ್ಡರು ಬರುತ್ತಿತ್ತಂತೆ. ನಕ್ಷೆಯ ಹಾಳೆ, ಅಳತೆ, ಎಷ್ಟು ಮೈಕ್ರಾನ್ ಹೆಚ್ಚು ಕಡಿಮೆ ಆಗಬಹುದೆಂಬ ಸೂಚನೆ, ಭಾಗದ ಸಂಖ್ಯೆ ಇಷ್ಟು ಮಾತ್ರ ಅವರ ಕೈಗೆ ಸಿಗುತ್ತಿತ್ತು. ಆ ಬುಷ್, ಆ ಪಿನ್ ವಿಮಾನದಲ್ಲಿ ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ಅವರು ಕೇಳುವಂತೆಯೂ ಇರಲಿಲ್ಲ. ಚಕ್ರ ಜೋಡಿಸಿದ ಸಂಜೆ ಎಡಗಡೆಯ ಸೀಟಿನಲ್ಲಿ ಕುಳಿತು ಅವರು ಮೂಗು ಎತ್ತಿದರು. ತೋಳು ಬಿಗಿಯಿತು. 'ಯಜಮಾನರೇ, ಈಗ ಟ್ರಿಮ್ ಉರುಳಿಸಿ' ಎಂದಳು ಹುಡುಗಿ ಬಲಗಡೆಯಿಂದ. ಉರುಳಿಸಿದರು. ಭಾರ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಎರಡು ಬೆರಳಲ್ಲಿ ಹಿಡಿಯುವಷ್ಟಾಯಿತು. ಅವರು ಯೋಕ್ ಬಿಟ್ಟು, ತಾವೇ ಕಡೆದ ಚಕ್ರದ ಮೇಲೆ ಕೈಯಿಟ್ಟುಕೊಂಡು, 'ಇಷ್ಟು ಕೆಲಸ ಮಾಡುತ್ತದಾ ಇದು?' ಎಂದರು. ನಾವು ಯಾರೂ ಉತ್ತರಿಸಲಿಲ್ಲ. ಅವರು ಕೇಳಿದ್ದು ಆ ಒಂದು ಚಕ್ರದ ಬಗ್ಗೆ ಮಾತ್ರ ಅಲ್ಲವೆಂದು ನನಗೆ ಅನಿಸಿತ್ತು.

ನೆಲದ ಮೇಲೆ ಕುಳಿತು ಹಾರುವುದನ್ನು ಕಲಿಸುವ ಪೆಟ್ಟಿಗೆ ಹುಟ್ಟಿದ್ದೂ ಇಂಥದೇ ಕೈಕೆಲಸದಿಂದ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ತನ್ನ ಮೊದಲ ಟ್ರೇನರ್ ಕಟ್ಟಿದ. ತಂದೆಗೆ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಆರ್ಗನ್‌ಗೆ ಗಾಳಿ ಊದುವ ತಿದಿಗಳನ್ನೇ ಬಳಸಿ, ಪುಟ್ಟ ರೆಕ್ಕೆಗಳಿದ್ದ ಮರದ ಪೆಟ್ಟಿಗೆಯನ್ನು ಆತ ಓಲಾಡಿಸಿದ, ತಿರುಗಿಸಿದ. ಮೊದಮೊದಲು ಅದನ್ನು ಕೊಂಡವರು ಮನರಂಜನಾ ಉದ್ಯಾನಗಳವರು. 1934ರಲ್ಲಿ ಅಮೆರಿಕದ ಸೇನೆಯ ವಿಮಾನದಳಕ್ಕೆ ಅಂಚೆ ಸಾಗಿಸುವ ಕೆಲಸ ಬಂತು. ಮಂಜಿನಲ್ಲಿ, ಕತ್ತಲಲ್ಲಿ ಮಾಪಕಗಳನ್ನಷ್ಟೇ ನಂಬಿ ಹಾರಲು ಬಾರದ ಪೈಲಟ್‌ಗಳು ಕೆಲವೇ ವಾರಗಳಲ್ಲಿ ಸಾಲುಸಾಲಾಗಿ ಸತ್ತರು. ಆಮೇಲೆ ಸೇನೆ ಲಿಂಕ್‌ನ ಆರು ಪೆಟ್ಟಿಗೆಗಳನ್ನು ಕೊಂಡಿತು. ಎರಡನೆಯ ಮಹಾಯುದ್ಧ ಮುಗಿಯುವಷ್ಟರಲ್ಲಿ ಲಕ್ಷಾಂತರ ವೈಮಾನಿಕರು ಅದರಲ್ಲಿ ಕಲಿತಿದ್ದರು.

ಈ ಕತೆಯಲ್ಲಿ ನನ್ನ ಕಣ್ಣು ಹೋಗಿ ನಿಲ್ಲುವುದು ಪೆಟ್ಟಿಗೆಯ ಹೊರಗಿದ್ದ ಮೇಜಿನ ಮೇಲೆ. ಮುಚ್ಚಳ ಮುಚ್ಚಿಕೊಂಡು ಕಲಿಯುವವನು ಒಳಗೆ, ಕಲಿಸುವವನು ಮೇಜಿನ ಮುಂದೆ. ಮೇಜಿನ ಮೇಲೆ ಹಾಸಿದ ನಕ್ಷೆಯ ಮೇಲೆ ಮೂರು ಗಾಲಿಯ ಸಣ್ಣ ಯಂತ್ರವೊಂದು ಹರಿದಾಡುತ್ತಾ, ಒಳಗಿರುವವನು ಎಲ್ಲೆಲ್ಲಿ ಹಾರುತ್ತಿದ್ದಾನೆಂದು ಶಾಯಿಯಲ್ಲಿ ಗೆರೆ ಎಳೆಯುತ್ತಿತ್ತು. ಅದಕ್ಕೆ ಏಡಿ ಎಂದೇ ಹೆಸರು. ಕಲಿಸುವವನು ಗೆರೆ ನೋಡಿಕೊಂಡು ಹೆಡ್‌ಫೋನಿನಲ್ಲಿ ಮಾತನಾಡುತ್ತಿದ್ದ. ಅಂದರೆ ಸಿಮ್ಯುಲೇಟರ್ ಬಳಕೆಗೆ ಬಂದ ಕಾಲದಿಂದಲೂ ಅದರಲ್ಲಿ ಎರಡನೆಯ ಮನುಷ್ಯನಿದ್ದ. ಮುಂದೆ 1979ರಲ್ಲಿ ಬ್ರೂಸ್ ಆರ್ಟ್‌ವಿಕ್ ಆಪಲ್ ಕಂಪ್ಯೂಟರಿಗೆ ಮಾಡಿದ ತಂತ್ರಾಂಶ, 1982ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇವೆಲ್ಲ ಮನೆಮನೆಗೆ ವಿಮಾನ ತಂದವು, ನಿಜ. ಕುರ್ಚಿ ಮಾತ್ರ ಒಂದೇ ಆಯಿತು.

ನಾವು ಬಳಸುವುದು ಎಕ್ಸ್-ಪ್ಲೇನ್ ಎಂಬ ತಂತ್ರಾಂಶ. ರೆಕ್ಕೆಯನ್ನು, ಪ್ರೊಪೆಲ್ಲರನ್ನು ಸಣ್ಣಸಣ್ಣ ತುಂಡುಗಳೆಂದು ಭಾವಿಸಿ ಒಂದೊಂದರ ಮೇಲೂ ಬೀಳುವ ಬಲವನ್ನು ಸೆಕೆಂಡಿಗೆ ಹಲವು ಬಾರಿ ಲೆಕ್ಕ ಹಾಕುವ ಅದರ ರೀತಿ ಮೇಷ್ಟ್ರಿಗೆ ಹಿಡಿಸಿದೆ. ದುಡ್ಡು ಕೊಡಲಾಗದವರಿಗೆ ಫ್ಲೈಟ್‌ಗೇರ್ ಇದೆ. ಅದು ಪೂರ್ತಿ ಉಚಿತ, ಜಗತ್ತಿನ ಸ್ವಯಂಸೇವಕರು ಸೇರಿ ಬರೆದದ್ದು. ಯಾವುದಾದರೂ ಆದೀತು. ತಂತ್ರಾಂಶದ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ.

ಚೆಕ್‌ಲಿಸ್ಟಿನ ಬಗ್ಗೆ ನನಗೆ ಭಕ್ತಿಯೇ ಇದೆ. 1935ರ ಅಕ್ಟೋಬರ್ 30ರಂದು ಅಮೆರಿಕದ ರೈಟ್ ಫೀಲ್ಡ್‌ನಲ್ಲಿ ಬೋಯಿಂಗ್ ಕಂಪನಿಯ ಮಾಡೆಲ್ 299 ಎಂಬ ನಾಲ್ಕು ಎಂಜಿನ್ನಿನ ಹೊಸ ವಿಮಾನ ಪ್ರದರ್ಶನಕ್ಕೆಂದು ಏರಿ, ಮೂಗೆತ್ತಿ, ಕುಸಿದು ಉರಿಯಿತು. ಹಾರಿಸುತ್ತಿದ್ದವರು ನುರಿತ ಪೈಲಟ್‌ಗಳು. ನಿಂತ ವಿಮಾನದ ರೆಕ್ಕೆ ಬಾಲದ ಅಲುಗುಗಳು ಗಾಳಿಗೆ ಬಡಿದುಕೊಳ್ಳದಂತೆ ಹಾಕುವ ಬೀಗವನ್ನು ತೆಗೆಯುವುದು ಮರೆತುಹೋಗಿತ್ತು. ಆ ವಿಮಾನ ಕೆಟ್ಟದ್ದಾಗಿರಲಿಲ್ಲ, ಪೈಲಟ್‌ಗಳು ದಡ್ಡರಾಗಿರಲಿಲ್ಲ. ನೆನಪಿಡಬೇಕಾದದ್ದು ಒಂದು ತಲೆಗೆ ಹೆಚ್ಚಾಗಿತ್ತು, ಅಷ್ಟೆ. ಮುಂದೆ ಪೈಲಟ್‌ಗಳಿಗೆಂದು ಬರೆದ ಪಟ್ಟಿ ಬಂತು. ಅದೇ ವಿಮಾನ ಬಿ-17 ಎಂಬ ಹೆಸರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ಹಾರಿತು. ನಮ್ಮ ಕೋಣೆಯಲ್ಲಿ ಬೀಗ ಹಾಕಲು ಯಾವ ಅಲುಗೂ ಇಲ್ಲ. ಆದರೂ 'ಕಂಟ್ರೋಲ್ ಲಾಕ್?' ಎಂದು ಬಲಗಡೆಯವರು ಕೇಳುತ್ತಾರೆ, 'ತೆಗೆದಿದೆ' ಎಂದು ಎಡಗಡೆಯವರು ಯೋಕನ್ನು ಕೊನೆಯವರೆಗೆ ಎಳೆದು, ಒತ್ತಿ, ತಿರುಗಿಸಿ ತೋರಿಸುತ್ತಾರೆ. ಹೊಸಬರು ಮೊದಲ ಸಲ ನೋಡಿದಾಗ ಇಷ್ಟೆಲ್ಲ ಏಕೆ ಎಂಬಂತೆ ಮುಖ ಮಾಡುತ್ತಾರೆ. ಎರಡನೆಯ ಸಲ ತಾವೇ ಪಟ್ಟಿಗೆ ಕೈ ಚಾಚುತ್ತಾರೆ.

ನಮ್ಮ ಮೆಚ್ಚಿನ ದಾರಿ ಬೆಂಗಳೂರಿನ ಜಕ್ಕೂರು ವಿಮಾನ ನೆಲೆಯಿಂದ ಮಂಗಳೂರಿಗೆ. ನೇರ ಗೆರೆ ಎಳೆದರೆ ಸುಮಾರು 290 ಕಿಲೋಮೀಟರ್. ಸೆಸ್ನಾದಲ್ಲಿ ಗಂಟೆ ಒಂದೂವರೆ. ಏರುವ ಮೊದಲೇ ಒಂದು ಪಾಠವಿದೆ. ಬೆಂಗಳೂರು ಸಮುದ್ರ ಮಟ್ಟದಿಂದ 3,000 ಅಡಿ ಮೇಲಿದೆ. ಬೇಸಿಗೆಯ ಮಧ್ಯಾಹ್ನ 30 ಡಿಗ್ರಿ ಬಿಸಿಲಿದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನದ ಪಾಲಿಗೆ ಅದು ಸುಮಾರು 5,500 ಅಡಿ ಎತ್ತರದಲ್ಲಿ ನಿಂತಂತೆ. ರೆಕ್ಕೆಗೆ ಆಧಾರ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ನೆಲ ಬಿಡುವುದು ತಡವಾಗುತ್ತದೆ. ಮೇಷ್ಟ್ರು ಮಕ್ಕಳಿಗೆ ಇದನ್ನೇ ತೋರಿಸುತ್ತಾರೆ: ಏಪ್ರಿಲ್ ಮಧ್ಯಾಹ್ನದ ಜಕ್ಕೂರಿನಿಂದ ಒಮ್ಮೆ, ತಂಪು ಬೆಳಗಿನ ಮಂಗಳೂರಿನಿಂದ ಒಮ್ಮೆ ಅದೇ ವಿಮಾನವನ್ನು ಏರಿಸಿ, ಚಕ್ರ ಎಲ್ಲಿ ನೆಲ ಬಿಟ್ಟಿತೆಂದು ಗುರುತು ಹಾಕಿಸುತ್ತಾರೆ.

ಏರಿದ ಮೇಲೆ ಪಶ್ಚಿಮಕ್ಕೆ. ಪಶ್ಚಿಮದ ಕಡೆ ಹೋಗುವ ಸಣ್ಣ ವಿಮಾನಗಳು ಸಮಸಂಖ್ಯೆಯ ಸಾವಿರಕ್ಕೆ ಐನೂರು ಸೇರಿಸಿದ ಎತ್ತರದಲ್ಲಿ ಹಾರಬೇಕು, ಪೂರ್ವಕ್ಕೆ ಹೋಗುವವು ಬೆಸಸಂಖ್ಯೆಗೆ. ಎದುರುಬದುರಾಗದಿರಲೆಂದು ಈ ಏರ್ಪಾಡು. ನಾವು 8,500 ಅಡಿ ಹಿಡಿಯುತ್ತೇವೆ. ನೆಲಮಂಗಲ, ಕುಣಿಗಲ್ ಕೆರೆ, ಆಮೇಲೆ ತೆಂಗಿನ ತೋಟಗಳ ಮೇಲೆ ಬಹಳ ಹೊತ್ತು. ಹಾಸನ ಕಂಡಾಗ ಕೆಳಗಿನಿಂದ ಕಾಫಿ ಬರುತ್ತದೆ. ಏರುವಾಗ, ಇಳಿಯುವಾಗ ಹಾರಾಟಕ್ಕೆ ಸಂಬಂಧಪಡದ ಒಂದು ಮಾತನ್ನೂ ಆಡಬಾರದೆಂಬ ಕಟ್ಟಳೆ ದೊಡ್ಡ ವಿಮಾನಗಳಲ್ಲಿದೆ. ಅಮೆರಿಕದಲ್ಲಿ 1981ರಿಂದ 10,000 ಅಡಿಯ ಕೆಳಗೆ ಅದು ಕಾನೂನು. ನಮ್ಮ ಪುಟ್ಟ ವಿಮಾನ ಆ ಎತ್ತರ ದಾಟುವುದೇ ಅಪರೂಪವಾದ್ದರಿಂದ ಕುಣಿಗಲ್ಲಿನಿಂದ ಸಕಲೇಶಪುರದವರೆಗೆ ಮಾತಿಗೆ ಬಿಡುವು ಎಂದು ನಾವೇ ಗೊತ್ತುಮಾಡಿಕೊಂಡಿದ್ದೇವೆ. ಮನೆಯ ಸುದ್ದಿ, ಶಾಲೆಯ ಸುದ್ದಿ, ಸೊಪ್ಪಿನ ಬೆಲೆ ಎಲ್ಲವೂ ಅಷ್ಟರಲ್ಲಿ ಮುಗಿಯಬೇಕು. ಸಕಲೇಶಪುರ ದಾಟಿದರೆ ಘಟ್ಟ. ನೆಲ ಒಮ್ಮೆಗೇ ಕೆಳಗಿಳಿಯುತ್ತದೆ. ಅಸಲಿ ಹವಾಮಾನವನ್ನು ಇಂಟರ್‌ನೆಟ್ಟಿನಿಂದ ತಂದುಕೊಳ್ಳುವ ವ್ಯವಸ್ಥೆ ತಂತ್ರಾಂಶದಲ್ಲಿದೆ. ಜುಲೈ ತಿಂಗಳಲ್ಲಿ ಅಲ್ಲಿ ಮಳೆ ಸುರಿಯುತ್ತಿದ್ದರೆ ನಮ್ಮ ಪರದೆಯ ಮೇಲೂ ಶಿರಾಡಿ ಬೂದು ಮೋಡದೊಳಗೆ ಮುಳುಗಿರುತ್ತದೆ. ಆಗ ಮಾತು ತಾನಾಗಿ ನಿಲ್ಲುತ್ತದೆ.

ಇಳಿಯುವಾಗ ಬಲಗಡೆಯವರಿಗೆ ಕೈತುಂಬ ಕೆಲಸ. ಮಂಗಳೂರಿನ ವಾಯುಒತ್ತಡವನ್ನು ಎತ್ತರದ ಮಾಪಕದಲ್ಲಿ ಕೂರಿಸಬೇಕು; ಒಂದು ಹೆಕ್ಟೊಪ್ಯಾಸ್ಕಲ್ ವ್ಯತ್ಯಾಸವಾದರೂ ಎತ್ತರ ಸುಮಾರು 30 ಅಡಿ ತಪ್ಪು ತೋರಿಸುತ್ತದೆ. ಮೇಲೆ ತೆಳು ಗಾಳಿಗೆಂದು ತಗ್ಗಿಸಿದ್ದ ಇಂಧನವನ್ನು ಕೆಳಗಿಳಿದಂತೆ ಹೆಚ್ಚಿಸುತ್ತಾ ಬರಬೇಕು. ರೇಡಿಯೊ ನೋಡಿಕೊಳ್ಳಬೇಕು. ವ್ಯಾಟ್ಸಿಮ್ ಎಂಬ ಜಾಲದಲ್ಲಿ ಸ್ವಯಂಸೇವಕರು ಮನೆಯಲ್ಲೇ ಕುಳಿತು ನಿಲ್ದಾಣಗಳ ನಿಯಂತ್ರಕರಾಗಿ ಮಾತನಾಡುತ್ತಾರೆ. 2001ರಿಂದ ನಡೆದುಬಂದಿರುವ ಏರ್ಪಾಡು. ಅವರು ಹೇಳಿದ ಅಂಕಿಗಳನ್ನು ತಪ್ಪಿಲ್ಲದೆ ತಿರುಗಿ ಒಪ್ಪಿಸಬೇಕು. ಎಡಗಡೆಯವರು ಹಾರಿಸುತ್ತಾರೆ, ಬಲಗಡೆಯವರು ಗಮನಿಸುತ್ತಾರೆ. ಗಮನಿಸುವುದೇ ಹೆಚ್ಚು ದಣಿವು ತರುವ ಕೆಲಸವೆಂದು ಎರಡೂ ಕಡೆ ಕುಳಿತ ಮೇಲೆ ಹೇಳುತ್ತಿದ್ದೇನೆ.

ಮಂಗಳೂರಿನ ಬಜಪೆ ನಿಲ್ದಾಣ ಗುಡ್ಡದ ತಲೆಯನ್ನು ಮಟ್ಟಮಾಡಿ ಕಟ್ಟಿದ್ದು. ದೊಡ್ಡ ರನ್‌ವೇ ಸುಮಾರು 2,450 ಮೀಟರ್. ಅದು ಮುಗಿದಲ್ಲಿ ಕಣಿವೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ಅಲ್ಲಿ ಇಳಿಯುವಾಗ ಬಹಳ ಎತ್ತರದಲ್ಲಿ ಬಂದು, ರನ್‌ವೇಯ ಅರ್ಧಕ್ಕಿಂತ ಹೆಚ್ಚು ಕಳೆದ ಮೇಲೆ ನೆಲ ಮುಟ್ಟಿ, ಮತ್ತೆ ಏರಲು ಯತ್ನಿಸಿ, ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು. ಉಳಿದವರು ಎಂಟೇ ಮಂದಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ದಿನ ಇನ್ನೂ ಹಸಿಯಾಗಿದೆ. ಅದನ್ನು ನಾವು ಆಟದ ವಸ್ತುವಾಗಿ ಎಂದೂ ಮಾಡಿಕೊಂಡಿಲ್ಲ, ಆ ಹಾರಾಟವನ್ನು ಮರುಸೃಷ್ಟಿಸಲು ಹೋಗಿಲ್ಲ. ವಿಚಾರಣಾ ವರದಿಯಲ್ಲಿರುವ ಒಂದು ಸಂಗತಿ ಮಾತ್ರ ನಮ್ಮ ಕೋಣೆಯ ನಡವಳಿಕೆಯನ್ನೇ ಬದಲಿಸಿತು. ಬಲಗಡೆ ಕುಳಿತಿದ್ದ ಸಹ ಪೈಲಟ್ ಮೂರು ಬಾರಿ 'ಗೋ ಅರೌಂಡ್' ಎಂದಿದ್ದರು. ಇಳಿಯುವುದು ಬೇಡ, ಮತ್ತೆ ಏರಿ ಸುತ್ತು ಹಾಕಿ ಬರೋಣ ಎಂದು ಅದರ ಅರ್ಥ. ಎಚ್ಚರಿಕೆಯ ಯಂತ್ರವೂ ಕೂಗುತ್ತಿತ್ತು. ಇಳಿಯುವ ಪ್ರಯತ್ನ ನಿಲ್ಲಲಿಲ್ಲ.

ಇದು ಮಂಗಳೂರಿನದೊಂದೇ ಕತೆಯಲ್ಲ. 1977ರಲ್ಲಿ ಟೆನೆರೀಫ್ ದ್ವೀಪದಲ್ಲಿ ಎರಡು ಜಂಬೊ ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿಯಾಗಿ 583 ಜನ ಸತ್ತಾಗಲೂ ಒಂದು ವಿಮಾನದ ಕಾಕ್‌ಪಿಟ್‌ನಲ್ಲಿ ಅನುಮಾನದ ದನಿಯೊಂದು ಎದ್ದಿತ್ತು. ಹಿರಿಯ ಕ್ಯಾಪ್ಟನ್ ಅದನ್ನು ಬದಿಗೆ ಸರಿಸಿದ್ದರು. ಮರುವರ್ಷ ಪೋರ್ಟ್‌ಲೆಂಡ್ ಬಳಿ ಚಕ್ರದ ತೊಂದರೆಯನ್ನೇ ನೋಡುತ್ತಾ ಸುತ್ತುತ್ತಿದ್ದ ವಿಮಾನ ಇಂಧನ ಮುಗಿದು ಬಿತ್ತು; ಇಂಧನದ ಮಾತು ಎತ್ತಿದವರು ಅಲ್ಲೂ ಇದ್ದರು. ಆ ಮೇಲೆಯೇ ಕಿರಿಯರು ಹೇಗೆ ಹೇಳಬೇಕು, ಹಿರಿಯರು ಹೇಗೆ ಕೇಳಬೇಕು ಎಂಬುದನ್ನು ವಿಮಾನ ಸಂಸ್ಥೆಗಳು ತರಬೇತಿಯ ವಿಷಯವಾಗಿ ಮಾಡಿದ್ದು.

ಇದನ್ನು ಓದುವುದು ಸುಲಭ, ನಮ್ಮ ನಡುವೆ ಆಚರಿಸುವುದು ಸುಲಭವಲ್ಲ. ಹಿರಿಯರ ಮಾತಿಗೆ ಅಡ್ಡ ಬರಬಾರದೆಂದು ಬೆಳೆದವರು ನಾವು. ಮೇಷ್ಟ್ರು ಹಾರಿಸುವಾಗ ನಾನು 'ವೇಗ ಸ್ವಲ್ಪ ಕಡಿಮೆ ಆಯಿತೇನೋ ಸರ್' ಎಂದು ರಾಗ ಎಳೆಯುತ್ತಿದ್ದೆ. ಅಷ್ಟು ಮಾತು ಮುಗಿಯುವಷ್ಟರಲ್ಲಿ ವೇಗ ಇನ್ನೂ ಐದು ನಾಟ್, ಅಂದರೆ ಗಂಟೆಗೆ ಸುಮಾರು ಒಂಬತ್ತು ಕಿಲೋಮೀಟರ್, ಇಳಿದಿರುತ್ತಿತ್ತು. ಆದ್ದರಿಂದ ಒಂದು ನಿಯಮ ಮಾಡಿದೆವು. ನೆಲದಿಂದ 500 ಅಡಿ ಎತ್ತರಕ್ಕೆ ಬರುವಷ್ಟರಲ್ಲಿ ವೇಗ, ದಾರಿ, ಇಳಿಯುವ ದರ ಮೂರರಲ್ಲಿ ಒಂದಾದರೂ ಸರಿಯಿಲ್ಲವೆಂದು ಬಲಗಡೆಯವರಿಗೆ ಅನಿಸಿದರೆ 'ಗೋ ಅರೌಂಡ್' ಎನ್ನಬೇಕು. ಸರ್ ಇಲ್ಲ, ಯಜಮಾನರೇ ಇಲ್ಲ, ದಯವಿಟ್ಟು ಇಲ್ಲ. ಎಡಗಡೆಯವರು ಪ್ರಶ್ನೆ ಕೇಳದೆ ಏರಬೇಕು. ಕಾರಣದ ಚರ್ಚೆಯೇನಿದ್ದರೂ ಮೇಲೆ ಹೋದ ನಂತರ.

ಒಂದು ಮಳೆಗಾಲದ ಭಾನುವಾರ ಎಡಗಡೆ ಯಜಮಾನರು, ಬಲಗಡೆ ಹುಡುಗಿ. ಹಿಂದಿನ ಸ್ಟೂಲಿನ ಮೇಲೆ ನಾನು, ಮೇಷ್ಟ್ರು. ಮೋಡದಿಂದ ಹೊರಬಿದ್ದಾಗ ಎದುರಿಗೇ ಮಂಗಳೂರಿನ ಆ ದೊಡ್ಡ ರನ್‌ವೇ, ಸಂಖ್ಯೆ 24. ಅದರ ಪಕ್ಕ ಅಡ್ಡಸಾಲಾಗಿ ನಾಲ್ಕು ದೀಪಗಳಿರುತ್ತವೆ: ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಯುವ ದಾರಿ ಸರಿ, ಬಿಳಿ ಹೆಚ್ಚಾದಷ್ಟೂ ನೀವು ಎತ್ತರದಲ್ಲಿದ್ದೀರಿ, ಕೆಂಪು ಹೆಚ್ಚಾದಷ್ಟೂ ತಗ್ಗಿನಲ್ಲಿದ್ದೀರಿ. ಮೂರು ಬಿಳಿ ಇದ್ದವು. ಯಜಮಾನರು ಮೂಗು ಒತ್ತಿದರು, ವೇಗ ಏರಿತು. ಮೂರನೆಯದರ ಪಕ್ಕದ ದೀಪದ ಕೆಂಪು ತೆಳುವಾಗಿ, ಗುಲಾಬಿಯಾಗಿ, ಬಿಳಿಯಾಯಿತು. ನಾಲ್ಕೂ ಬಿಳಿ. 65 ನಾಟ್ ಇರಬೇಕಾದ ಕಡೆ ಮುಳ್ಳು 85ರ ಮೇಲಿತ್ತು. ಸೆಸ್ನಾದಂಥ ವಿಮಾನಕ್ಕೆ 2,450 ಮೀಟರ್ ಬೇಕಾದಷ್ಟಾಯಿತು. ಹಾಗೆಯೇ ಇಳಿದಿದ್ದರೂ ಏನೂ ಆಗುತ್ತಿರಲಿಲ್ಲ. ಹುಡುಗಿ ಅವರ ಮುಖ ನೋಡಿದಳು, ಮಾಪಕ ನೋಡಿದಳು. 'ಗೋ ಅರೌಂಡ್.' ದನಿ ಸಣ್ಣದಿತ್ತು, ಅಳುಕು ಇರಲಿಲ್ಲ.

ಯಜಮಾನರ ಬಲಗೈ ಕಪ್ಪು ಗುಂಡಿಯನ್ನು ಪೂರ್ತಿ ಒತ್ತಿತು. ಮೂಗು ಎದ್ದಿತು. 'ಫ್ಲಾಪ್ ಇಪ್ಪತ್ತು' ಎಂದರು, ಅಂದರೆ ರೆಕ್ಕೆಯ ಹಿಂಬದಿಯಲ್ಲಿ ಇಳಿಬಿಟ್ಟ ಪಟ್ಟಿಗಳನ್ನು ಇಪ್ಪತ್ತು ಡಿಗ್ರಿಗೆ ತರಬೇಕು. ಅವಳು ಸನ್ನೆ ಸರಿಸಿ 'ಇಪ್ಪತ್ತು' ಎಂದಳು. ರನ್‌ವೇ ಅಡಿಯಲ್ಲಿ ಜಾರಿಹೋಯಿತು, ಕಣಿವೆ ಬಂತು, ಕಣಿವೆಯಾಚೆ ಸಮುದ್ರ. ಸುತ್ತು ಹಾಕಿ ಬಂದು ಎರಡು ಬಿಳಿ ಎರಡು ಕೆಂಪು ಹಿಡಿದು ಇಳಿದರು.

ಎಂಜಿನ್ ನಿಲ್ಲಿಸಿದ ಮೇಲಿನ ಪಟ್ಟಿಯನ್ನೂ ಮುಗಿಸಿ ಅವರು ಅವಳ ಕಡೆ ತಿರುಗಿದರು. ಕೋಪವೋ ಮೆಚ್ಚುಗೆಯೋ ಎಂದು ನಾವು ಕಾಯುತ್ತಿದ್ದೆವು. 'ಮೂರು ಬಿಳಿ ಆದಾಗಲೇ ನಿನಗೆ ಗೊತ್ತಿತ್ತು ಅಲ್ಲವೇನಮ್ಮ?' ಎಂದರು.

'ಹೌದು.'

'ಆಗಲೇ ಎತ್ತರ ಹೆಚ್ಚಾಗಿದೆ ಎಂದು ಹೇಳಬೇಕಿತ್ತು. ನಾಲ್ಕನೆಯದಕ್ಕೆ ಏಕೆ ಕಾದೆ? ನನ್ನ ವಯಸ್ಸು ನೋಡಿ ಕಾದೆಯಾ?'

ಅವಳು ಸುಮ್ಮನಿದ್ದಳು. 'ಇಲ್ಲಿ ಕುಳಿತಾಗ ಹಾಗೆ ಕಾಯಬೇಡ' ಎಂದು ಅವರು ಎದ್ದು ಕೆಳಗೆ ಹೋದರು. ಮುಂದಿನ ವಾರದಿಂದ ಅವಳು ಕಾಯಲಿಲ್ಲ. ಈಗ ನನಗೂ ಕಾಯುವುದಿಲ್ಲ, ಮೇಷ್ಟ್ರಿಗೂ ಕಾಯುವುದಿಲ್ಲ. ಕಚೇರಿಯಲ್ಲಿ ತನಗಿಂತ ದೊಡ್ಡವರಿರುವ ಸಭೆಯಲ್ಲಿ ಮಾತನಾಡಿದ್ದನ್ನು ಒಮ್ಮೆ ಹಾಸನದ ಮೇಲೆ ಹಾರುವಾಗ ಹೇಳಿದಳು. ನಾವು ಮೂವರೂ ಹಿಗ್ಗಿದೆವು.

ಇದೆಲ್ಲ ನಿಜವಾದ ಹಾರಾಟಕ್ಕೆ ಸಮವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಕಟ್ಟಿದ ಸಿಮ್ಯುಲೇಟರಿನ ಗಂಟೆಗಳು ಪೈಲಟ್ ಲೈಸೆನ್ಸಿಗೆ ಲೆಕ್ಕಕ್ಕೆ ಬರುವುದಿಲ್ಲ. ಮೈಗೆ ಬೀಳುವ ಭಾರ, ಹೊಟ್ಟೆಯಲ್ಲಿ ಏಳುವ ತಳಮಳ ಇಲ್ಲಿಲ್ಲ. ಮೋಡದೊಳಗೆ ಒಂದೇ ಸಮನೆ ತಿರುಗುತ್ತಿದ್ದರೆ ಸ್ವಲ್ಪ ಹೊತ್ತಿನ ನಂತರ ಒಳಗಿವಿಯ ದ್ರವ ನಿಂತು, ನೇರವಾಗಿಯೇ ಹೋಗುತ್ತಿದ್ದೇವೆಂದು ದೇಹ ಸುಳ್ಳು ಹೇಳುತ್ತದೆ. ಆ ಸುಳ್ಳನ್ನು ಮೀರಿ ಮಾಪಕವನ್ನು ನಂಬುವುದನ್ನು ಅಲುಗದ ಈ ಪೆಟ್ಟಿಗೆ ಕಲಿಸಲಾರದು. ಕಣ್ಣಿಗೆ ಮಾತ್ರ ಮೋಸ ಮಾಡಬಲ್ಲದು. ಪರದೆಯ ಮೇಲೆ ಕ್ಷಿತಿಜ ವಾಲಿದರೆ ಹಿಂದಿನ ಸ್ಟೂಲಿನಲ್ಲಿ ಕುಳಿತವರ ಭುಜವೂ ವಾಲುತ್ತದೆ. ಆದರೆ ಇಬ್ಬರು ಮನುಷ್ಯರ ನಡುವೆ ಕಾಕ್‌ಪಿಟ್‌ನಲ್ಲಿ ನಡೆಯುವ ಮಾತಿದೆಯಲ್ಲ, ಕೇಳುವುದು, ತಿರುಗಿ ಹೇಳುವುದು, ಬೇಡವೆನ್ನುವುದು, ಅದಕ್ಕೆ ಇಂಧನವೂ ಬೇಡ, ಎತ್ತರವೂ ಬೇಡ. ಅದು ಇಲ್ಲಿ ಪೂರ್ತಿಯಾಗಿಯೇ ಇದೆ.

ಈಗ ನಡೆಯುತ್ತಿರುವ ಕೆಲಸ ಎರಡು ಯೋಕ್‌ಗಳನ್ನು ಒಂದಕ್ಕೊಂದು ಬಿಗಿಯುವುದು. ಇಲ್ಲಿಯವರೆಗೆ ಬಲಗಡೆಯದು ಬೇರೆಯಾಗಿಯೇ ಇತ್ತು. ನಿಜವಾದ ಸೆಸ್ನಾದಲ್ಲಿ ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗುತ್ತದೆ. ಪಕ್ಕದವರು ಏನು ಮಾಡುತ್ತಿದ್ದಾರೆಂದು ನೋಡದೆಯೂ ಅಂಗೈಗೆ ತಿಳಿಯುತ್ತದೆ. ಏರ್‌ಬಸ್ ವಿಮಾನಗಳಲ್ಲಿ ಯೋಕ್ ಬದಲು ಪೈಲಟ್‌ಗಳ ಪಕ್ಕದಲ್ಲಿರುವ ಕೋಲುಗಳಲ್ಲಿ ಆ ಜೋಡಣೆ ಇಲ್ಲ. ಇಬ್ಬರೂ ಒಟ್ಟಿಗೆ ಅಲುಗಿಸಿದರೆ ಎಚ್ಚರಿಸಲು ಬೇರೆ ಏರ್ಪಾಡಿದೆ. ಅವರವರ ವಿನ್ಯಾಸಕ್ಕೆ ಅವರವರ ಕಾರಣಗಳಿವೆ. ನಮಗೆ ಜೋಡಿಸಿದ್ದೇ ಬೇಕು. ಎರಡು ಪೈಪಿಗೂ ಒಂದೊಂದು ಸ್ಪ್ರಾಕೆಟ್, ನಡುವೆ ಸೈಕಲ್ ಚೈನು, ಹಿಂದೆ ಮುಂದೆ ಒಟ್ಟಿಗೆ ಸರಿಯಲು ಒಂದು ಅಡ್ಡಪಟ್ಟಿ. ಚೈನಿನಲ್ಲಿ ಎಷ್ಟು ಸಡಿಲು ಇರಬಹುದೆಂಬ ಬಗ್ಗೆ ಮೇಷ್ಟ್ರಿಗೂ ಯಜಮಾನರಿಗೂ ವಾದ ನಡೆದಿದೆ. ಸ್ವಲ್ಪ ಇದ್ದರೆ ಪರವಾಗಿಲ್ಲ ಎನ್ನುತ್ತಾರೆ ಮೇಷ್ಟ್ರು. ಸಡಿಲೇ ಇರಬಾರದು, ಒತ್ತಿ ಹಿಡಿಯುವ ಗಾಲಿಯೊಂದನ್ನು ಕಡೆದು ತರುತ್ತೇನೆ ಎನ್ನುತ್ತಾರೆ ಯಜಮಾನರು. ಹುಡುಗಿ ಯಜಮಾನರ ಪಕ್ಷ. ನಾನು ಗಾಲಿಯ ಖರ್ಚನ್ನು ಪುಸ್ತಕಕ್ಕೆ ಆಗಲೇ ಬರೆದಿದ್ದೇನೆ.